ನಿಮ್ಮ ಮದುವೆಯ ಉತ್ತರ ನೀವೇ ಬರೆಯಿರಿ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ನಮ್ಮ ಹಿರಿಯರು ಯಾವ ಧೈರ್ಯದಲ್ಲಿ ಹೇಳಿದರೋ ಕಾಣೆ. ಅವರ ಕಾಲದಲ್ಲಿ ಹುಡುಗನ ಸಂಬಳಕ್ಕೆ ಒಂದಿಷ್ಟು ಸೇರಿಸಿ, ಹುಡುಗಿಯ ವಯಸ್ಸಿನಲ್ಲಿ ಒಂದಿಷ್ಟು ಕಳೆದು ಧಾರೆ ಎರೆದುಬಿಟ್ಟರೆ ಮುಗಿಯುತ್ತಿತ್ತು. ಬೀಗರು ಮುನಿಸಿಕೊಂಡರೂ ಎರಡು ಹಬ್ಬ ಕಳೆಯುವುದರೊಳಗೆ ಸರಿಹೋಗುತ್ತಿದ್ದರು. ಈಗ ಟೊರೊಂಟೊದಲ್ಲೋ ಕ್ಯಾಲ್ಗರಿಯಲ್ಲೋ ಇರುವ ಹುಡುಗ ರಜೆಯಲ್ಲಿ ಊರಿಗೆ ಬಂದು ಮದುವೆಯಾಗಿ, ಹೆಂಡತಿಯನ್ನು ಕರೆಸಿಕೊಳ್ಳಲು ಸ್ಪಾನ್ಸರ್ ಅರ್ಜಿ ಹಾಕುತ್ತಾನೆ. ಹುಡುಗಿ ಅಲ್ಲಿದ್ದು ಗಂಡನನ್ನು ಕರೆಸಿಕೊಳ್ಳುವುದೂ ಈಗ ಮಾಮೂಲು. ಆ ಅರ್ಜಿಯ ಮುಂದೆ ಹಿರಿಯರ ಗಾದೆ ನಡೆಯುವುದಿಲ್ಲ. ಅಲ್ಲಿ ಒಂದು ಸುಳ್ಳು ಸಿಕ್ಕಿಬಿದ್ದರೂ ನಿಜವಾದ ಮದುವೆಗೇ ಕುತ್ತು.

ಕೆನಡಾದ ಅರ್ಜಿಯಲ್ಲಿ ಫಾರಂಗಳ ಕಟ್ಟೇ ಇರುತ್ತದೆ. ಅದರಲ್ಲಿ ಐಎಂಎಂ 5532 ಅನ್ನುವುದು ನಿಮ್ಮಿಬ್ಬರ ಸಂಬಂಧದ ಬಗ್ಗೆ ಕೇಳುವ ಫಾರಂ. ಮೊದಲು ಎಲ್ಲಿ ಭೇಟಿಯಾದಿರಿ, ಯಾರು ಪರಿಚಯ ಮಾಡಿಸಿದರು, ಮದುವೆಗೆ ಯಾರ್ಯಾರು ಬಂದಿದ್ದರು, ದೂರ ಇದ್ದಾಗ ಹೇಗೆ ಮಾತಾಡಿಕೊಳ್ಳುತ್ತೀರಿ, ಹಿಂದೆ ಮದುವೆ ಆಗಿತ್ತೇ, ಇಂಥವೇ ಪ್ರಶ್ನೆಗಳು. ಪಾಸ್‌ಪೋರ್ಟ್ ನಂಬರನ್ನು ಹತ್ತು ಸಲ ತಿದ್ದಿ ತೀಡಿ ನೋಡುವ ನೀವು, ಈ ಫಾರಂ ಬಂದಾಗ ಮಾತ್ರ ರಾತ್ರಿ ಹನ್ನೊಂದು ಗಂಟೆಗೆ ಆಕಳಿಸುತ್ತಾ ಎರಡು ಸಾಲು ಗೀಚಿ ಕಳಿಸುತ್ತೀರಿ. ಅಧಿಕಾರಿ ನಿಮ್ಮ ಮದುವೆಯನ್ನು ಹುಡುಕುವುದು ಈ ಫಾರಂನಲ್ಲಿ. ಪಾಸ್‌ಪೋರ್ಟ್ ನಂಬರಿನಲ್ಲಿ ಮದುವೆ ಕಾಣಿಸುವುದಿಲ್ಲವಲ್ಲ.

ಅವರಿಗೆ ಬೇಕಾದದ್ದು ಏನು ಅಂತ ಮೊದಲು ತಿಳಿದುಕೊಳ್ಳಿ. ಅಲ್ಲಿನ ವಲಸೆ ನಿಯಮಾವಳಿಯ 4ನೇ ನಿಯಮದ ಪ್ರಕಾರ ಎರಡು ಕಾರಣಕ್ಕೆ ಅರ್ಜಿ ಬೀಳಬಹುದು. ಮುಖ್ಯವಾಗಿ ಕೆನಡಾಕ್ಕೆ ಬರುವುದಕ್ಕೋಸ್ಕರವೇ ಮದುವೆಯಾಗಿದ್ದರೆ ಒಂದು. ಮದುವೆ ಈಗ ನಿಜವಾದದ್ದಲ್ಲ ಅನ್ನಿಸಿದರೆ ಇನ್ನೊಂದು. 2010ರ ಮೊದಲು ಎರಡೂ ಸೇರಿದ್ದರೆ ಮಾತ್ರ ತಿರಸ್ಕರಿಸುತ್ತಿದ್ದರು, ಆಮೇಲೆ ಯಾವುದಾದರೂ ಒಂದಿದ್ದರೂ ಸಾಕು ಅಂತಾಯಿತು. ಮದುವೆ ನಿಜ ಅಂತ ತೋರಿಸಿಕೊಡುವ ಹೊಣೆ ನಿಮ್ಮದು, ಸುಳ್ಳು ಅಂತ ಸಾಧಿಸುವ ಹೊಣೆ ಅವರದ್ದಲ್ಲ. ಇದನ್ನು ಕೇಳಿ ಕೋಪ ಮಾಡಿಕೊಳ್ಳಬೇಡಿ. ಕಾಗದದ ಮದುವೆ ಮಾಡಿಕೊಂಡು ಹೋದವರು ಇರುವುದರಿಂದಲೇ ನಿಮ್ಮನ್ನೂ ಕೇಳುತ್ತಾರೆ.

ಇನ್ನು ನನ್ನ ಮೊದಲ ಬೈಗುಳ. ಗಂಡ ಅಲ್ಲಿ ಕೂತು ಹೆಂಡತಿಯ ಉತ್ತರವನ್ನೂ ತಾನೇ ತುಂಬಿ, 'ಸೈನ್ ಮಾಡಿ ಸ್ಕ್ಯಾನ್ ಕಳಿಸು' ಅನ್ನುತ್ತಾನೆ. ಅವಳು ಓದದೆ ಸಹಿ ಹಾಕುತ್ತಾಳೆ. ಇಂಗ್ಲಿಷ್ ನನಗೆ ಅಷ್ಟು ಬರುವುದಿಲ್ಲ, ಅವರು ಓದಿದವರು, ಅವರಿಗೇ ಗೊತ್ತಾಗುತ್ತದೆ ಅಂತ ಸಮಾಧಾನ ಬೇರೆ. ಅಮ್ಮಾ, ಮುಂದೆ ಸಂದರ್ಶನಕ್ಕೆ ಕರೆದರೆ ಕೂರುವವರು ನೀವು. ಆ ಫಾರಂನಲ್ಲಿ ನೀವೇ ಹೇಳಿದಿರಿ ಅಂತ ಇರುವ ಮಾತು ನಿಮಗೇ ಗೊತ್ತಿಲ್ಲದಿದ್ದರೆ ಏನು ಗತಿ? ಕನ್ನಡದಲ್ಲೇ ನಿಮ್ಮ ಉತ್ತರ ಬರೆದಿಡಿ. ಆಮೇಲೆ ಯಾರಾದರೂ ಇಂಗ್ಲಿಷಿಗೆ ತಂದುಕೊಡಲಿ, ಅದನ್ನು ನಿಮಗೆ ಓದಿ ಹೇಳಲಿ. ಒಂದು ಮಾತು ನಿಮ್ಮದಲ್ಲ ಅನ್ನಿಸಿದರೂ ತೆಗೆಸಿ. ಗಂಡನಿಗೆ ಸಿಟ್ಟು ಬಂದರೆ ಬರಲಿ, ಸಂಜೆಗೆ ಇಳಿಯುತ್ತದೆ.

'ಹೇಗೆ ಭೇಟಿಯಾದಿರಿ' ಅನ್ನುವ ಪ್ರಶ್ನೆಗೆ ನಮ್ಮವರಲ್ಲಿ ಮುಕ್ಕಾಲು ಪಾಲು ಜನ ಬರೆಯುವ ಉತ್ತರ ಇದು: 'ನಮ್ಮದು ಹಿರಿಯರು ನಿಶ್ಚಯಿಸಿದ ಮದುವೆ. ನಮ್ಮ ಸಂಪ್ರದಾಯದಂತೆ ಎರಡು ಕುಟುಂಬಗಳು ಒಪ್ಪಿ ಮದುವೆ ಮಾಡಿದವು.' ಇಷ್ಟೇ. ಇದು ಕರ್ನಾಟಕದ ಅರ್ಧ ಜನರ ಮದುವೆಗೆ ಹೊಂದುತ್ತದೆ, ನಿಮ್ಮದು ಅನ್ನುವುದಕ್ಕೆ ಇದರಲ್ಲಿ ಏನಿದೆ? ಇನ್ನು ಕೆಲವರಿಗೆ ಹಿರಿಯರು ನೋಡಿದ ಮದುವೆ ಅಂದರೆ ಬಿಳಿಯರು ಒಪ್ಪುವುದಿಲ್ಲ ಅನ್ನುವ ಅಳುಕು. ಅದಕ್ಕೆ ಇಲ್ಲದ ಪ್ರೇಮಕಥೆ ಕಟ್ಟುತ್ತಾರೆ. ಕಾಫಿ ಡೇನಲ್ಲಿ ನೋಡಿದೆವು, ಮೊದಲ ನೋಟದಲ್ಲೇ ಮನಸ್ಸು ಸೋತಿತು ಅಂತೆಲ್ಲ. ಆ ದಿನ ಪಾಸ್‌ಪೋರ್ಟಿನ ಮುದ್ರೆ ಪ್ರಕಾರ ಹುಡುಗ ಭಾರತದಲ್ಲೇ ಇರುವುದಿಲ್ಲ! ಹಿರಿಯರು ನೋಡಿ ಮಾಡಿದ ಮದುವೆ ಅಲ್ಲಿನ ಅಧಿಕಾರಿಗಳಿಗೆ ಹೊಸದಲ್ಲ, ಭಾರತದ ಕಡತಗಳನ್ನು ಅವರು ದಿನಾ ನೋಡುತ್ತಾರೆ. ನಾಚಿಕೆಪಟ್ಟು ಮುಚ್ಚಿಡಬೇಡಿ.

ನಡೆದದ್ದನ್ನು ನಡೆದಂತೆ ಬರೆಯಿರಿ. ಜಾತಕ ಮೊದಲು ಯಾರ ಕೈಗೆ ಬಂತು, ಮ್ಯಾಟ್ರಿಮೊನಿಯಲ್ಲಿ ಅಕ್ಕ ನೋಡಿದಳೋ ದೊಡ್ಡಪ್ಪನ ಸ್ನೇಹಿತರು ಹೇಳಿದರೋ, ಮೊದಲ ವಿಡಿಯೊ ಕಾಲ್ ಯಾವ ತಿಂಗಳು, ಅದರಲ್ಲಿ ಏನು ಮಾತಾಡಿದಿರಿ. ಹೆಣ್ಣು ನೋಡಲು ಯಾರ ಮನೆಗೆ ಯಾರು ಹೋದರು, ನಿಮ್ಮಿಬ್ಬರನ್ನೇ ಮಾತಾಡಲು ಬಿಟ್ಟರೋ ಇಲ್ಲವೋ, ಬಿಟ್ಟಿದ್ದರೆ ಎಲ್ಲಿ. ಉದಾಹರಣೆಗೆ ಒಬ್ಬ ಹುಡುಗಿ ಹೀಗೆ ಬರೆಯಬಹುದು: 'ಅವರು ತಂದೆತಾಯಿ ಮತ್ತು ಅತ್ತಿಗೆಯ ಜೊತೆ ಹಾಸನದ ನಮ್ಮ ಮನೆಗೆ ಬಂದರು. ಅಮ್ಮ ಉಪ್ಪಿಟ್ಟು ಕೇಸರಿಬಾತು ಮಾಡಿದ್ದರು. ನಾವಿಬ್ಬರೂ ಮಹಡಿಯ ಮೇಲೆ ಅರ್ಧ ಗಂಟೆ ಮಾತಾಡಿದೆವು. ನಾನು ಬಿ.ಎಡ್ ಮುಗಿಸಿ ಪಾಠ ಮಾಡುತ್ತಿದ್ದೆ, ಅಲ್ಲಿ ಹೋದ ಮೇಲೂ ಕೆಲಸ ಮಾಡಬೇಕು ಅಂದೆ. ಅವರು ತಾವು ರಾತ್ರಿ ಪಾಳಿ ಮಾಡುವುದನ್ನು, ಒಂದು ಕೋಣೆ ಬಾಡಿಗೆಗೆ ಇರುವುದನ್ನು ಮುಚ್ಚಿಡದೆ ಹೇಳಿದರು. ಅದು ನನಗೆ ಇಷ್ಟವಾಯಿತು.' ನೋಡಿ, ಇದರಲ್ಲಿ ದೊಡ್ಡ ಮಾತು ಒಂದೂ ಇಲ್ಲ. ಆದರೆ ಒಬ್ಬಳು ಒಬ್ಬನನ್ನು ಯಾಕೆ ಒಪ್ಪಿದಳು ಅಂತ ಗೊತ್ತಾಗುತ್ತದೆ. 'ಅವರು ಒಳ್ಳೆಯವರು, ಮನೆತನ ಒಳ್ಳೆಯದು' ಅಂತ ಬರೆದರೆ ಗೊತ್ತಾಗುವುದಿಲ್ಲ.

ನೋಡಿದ ಹದಿನೈದು ದಿನಕ್ಕೆ ಮದುವೆ ಆಗಿದ್ದರೆ ಯಾಕೆ ಅಂತಲೂ ನೀವೇ ಬರೆಯಿರಿ. ಅವನಿಗೆ ಸಿಕ್ಕ ರಜೆ ಇಷ್ಟೇ, ಆಷಾಢ ಬರುವುದರೊಳಗೆ ಇದೊಂದೇ ಮುಹೂರ್ತ ಇತ್ತು, ಅಜ್ಜಿಗೆ ಹುಷಾರಿರಲಿಲ್ಲ, ಎರಡು ಮನೆಯವರಿಗೂ ಮೂವತ್ತು ವರ್ಷದ ಪರಿಚಯ, ಏನು ಕಾರಣವೋ ಅದು. ನಮ್ಮೂರಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ನಿಮಗೂ ಹೇಳಬೇಕು ಅನ್ನಿಸುವುದಿಲ್ಲ. ಆಷಾಢದಲ್ಲಿ ಮದುವೆ ಮಾಡುವುದಿಲ್ಲ ಅನ್ನುವುದು ಆ ಕಡತ ಓದುವವರಿಗೆ ಗೊತ್ತಿರಬೇಕೆಂದಿಲ್ಲ. ವಯಸ್ಸಿನಲ್ಲಿ ಹನ್ನೆರಡು ವರ್ಷ ಅಂತರ ಇದ್ದರೆ, ಒಬ್ಬರು ಎಂಜಿನಿಯರು ಒಬ್ಬರು ಎಸ್‌ಎಸ್‌ಎಲ್‌ಸಿ ಆಗಿದ್ದರೆ, ಬೇರೆ ಬೇರೆ ಜಾತಿ, ಬೇರೆ ಧರ್ಮ ಆಗಿದ್ದರೆ ಅದನ್ನೂ ಮುಚ್ಚಬೇಡಿ. ವಾಡಿಕೆಗಿಂತ ಬೇರೆಯಾದದ್ದು ಏನಿದೆಯೋ ಅದನ್ನು ಅವರು ಕೇಳುವ ಮೊದಲೇ ನೀವು ಹೇಳಿದರೆ ಅದು ವಿವರಣೆ. ಅವರು ಕಂಡುಹಿಡಿದ ಮೇಲೆ ಹೇಳಿದರೆ ಸಬೂಬು.

ಸಂಬಂಧದಲ್ಲೇ ಮದುವೆಯಾದವರಿಗೆ ಒಂದು ಮಾತು. ಸೋದರಮಾವನ ಮಗಳು, ಅತ್ತೆಯ ಮಗ, ಅಕ್ಕನ ಮಗಳು, ಇವರನ್ನು ಮದುವೆಯಾಗುವುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ. ವಿದೇಶದಲ್ಲಿ ಇದನ್ನು ಹೇಳಿದರೆ ಎಡವಟ್ಟಾಗುತ್ತದೆ ಅಂತ 'ಕುಟುಂಬದ ಸ್ನೇಹಿತರು' ಅಂತ ಬರೆದುಬಿಡುತ್ತೀರಿ. ಎರಡು ಮನೆಯ ವಂಶಾವಳಿ ಪಕ್ಕಪಕ್ಕದಲ್ಲಿಟ್ಟರೆ ಹುಡುಗನ ಅಮ್ಮನೇ ಹುಡುಗಿಯ ಅಜ್ಜಿ ಅಂತ ಕಾಣುವುದಿಲ್ಲವೇ? 1990ರಲ್ಲಿ ಮಾಡಿದ ಕೆನಡಾದ ಕಾಯಿದೆ ಮದುವೆಗೆ ನಿಷೇಧಿಸಿರುವುದು ಅಪ್ಪ-ಮಗಳು, ಅಜ್ಜ-ಮೊಮ್ಮಗಳಂಥ ನೇರ ವಂಶದವರನ್ನು ಮತ್ತು ಒಡಹುಟ್ಟಿದವರನ್ನು, ಅಪ್ಪ ಅಥವಾ ಅಮ್ಮ ಒಬ್ಬರೇ ಆಗಿರುವ ಅಣ್ಣತಂಗಿಯರನ್ನು ಮಾತ್ರ. ಸೋದರಮಾವ, ಅತ್ತೆಮಾವನ ಮಕ್ಕಳು ಆ ಪಟ್ಟಿಯಲ್ಲಿ ಇಲ್ಲ. ನಮ್ಮ 1955ರ ಹಿಂದೂ ವಿವಾಹ ಕಾಯಿದೆಯೂ ರೂಢಿ ಇರುವ ಕಡೆ ಇಂಥ ಮದುವೆಯನ್ನು ಒಪ್ಪುತ್ತದೆ. 'ಇವಳು ನನ್ನ ತಾಯಿಯ ತಮ್ಮನ ಮಗಳು, ನಮ್ಮ ಸಮುದಾಯದಲ್ಲಿ ಈ ರೂಢಿ ಇದೆ' ಅಂತ ನೇರವಾಗಿ ಬರೆಯಿರಿ. ಸಂಬಂಧ ತೊಡಕಲ್ಲ, ಮುಚ್ಚಿಟ್ಟದ್ದೇ ತೊಡಕು.

ಮದುವೆಯ ಬಗ್ಗೆ ಬರೆಯುವಾಗ ನಮ್ಮವರು ಎರಡು ತುದಿಗೆ ಹೋಗುತ್ತಾರೆ. ಸಾವಿರ ಜನ ಉಂಡ ಮದುವೆಯಾದರೆ ಛತ್ರದ ಹೆಸರಿನಿಂದ ಹಿಡಿದು ಹೋಳಿಗೆಯವರೆಗೂ ಬರೆಯುತ್ತಾರೆ, ಬೇಕಾಗಿಲ್ಲ. ಸಣ್ಣ ಮದುವೆಯಾದವರು ಸಂಕೋಚದಿಂದ ಒಂದೇ ಸಾಲು ಬರೆಯುತ್ತಾರೆ. ಹೆಚ್ಚು ಬರೆಯಬೇಕಾದವರು ಇವರೇ. ಭಾರತದ ಮದುವೆ ಅಂದರೆ ನೂರಾರು ಜನ ಇರಬೇಕು ಅಂತ ಅಧಿಕಾರಿಯ ತಲೆಯಲ್ಲಿ ಇರಬಹುದು, ಹತ್ತು ಜನರ ಫೋಟೊ ನೋಡಿದರೆ ಹುಬ್ಬೇರುತ್ತದೆ. ನೀವು ಕುವೆಂಪು ಅವರ ಮಂತ್ರ ಮಾಂಗಲ್ಯದ ರೀತಿ ಮದುವೆಯಾಗಿದ್ದರೆ ಅದು ಏನು ಅಂತ ಎರಡು ಸಾಲಿನಲ್ಲಿ ಹೇಳಿ: ಪುರೋಹಿತರಿಲ್ಲ, ಆಡಂಬರವಿಲ್ಲ, ಹತ್ತಿರದವರ ಮುಂದೆ ಇಬ್ಬರೂ ಪ್ರತಿಜ್ಞೆ ಮಾಡುವ ಸರಳ ವಿವಾಹ, 1966ರಲ್ಲಿ ಕವಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆ ಮಾಡಿಸಿದರು, ಆಮೇಲೆ ಎಷ್ಟೋ ಜನ ಅದೇ ದಾರಿ ಹಿಡಿದರು ಅಂತ. ಧರ್ಮಸ್ಥಳದ ಸಾಮೂಹಿಕ ವಿವಾಹದಲ್ಲಿ ಆದವರು, ಅದು 1972ರಿಂದ ನಡೆದುಬಂದಿರುವುದು ಅಂತ ಹೇಳಬಹುದು. 2020ರ ಲಾಕ್‌ಡೌನಿನಲ್ಲಿ ಆದವರು, ಸರ್ಕಾರವೇ 50 ಜನಕ್ಕಿಂತ ಹೆಚ್ಚು ಸೇರಬಾರದು ಅಂದಿತ್ತು ಅಂತ ಬರೆಯಿರಿ.

ಅಪ್ಪ ಅಮ್ಮ ಬಾರದ ಮದುವೆಯ ಮಾತು ಬೇರೆ. ಅದು ನೋವಿನ ವಿಷಯ, ಪರದೇಶದ ಸರ್ಕಾರಕ್ಕೆ ಯಾಕೆ ಹೇಳಬೇಕು ಅನ್ನಿಸುವುದು ಸಹಜ. ಆದರೆ ಯಾರು ಬಂದಿದ್ದರು ಅಂತ ಕೇಳಿದಲ್ಲಿ ಅಪ್ಪನ ಹೆಸರಿಲ್ಲದಿದ್ದರೆ ಅವರು ಕಾರಣ ಹುಡುಕುತ್ತಾರೆ. ಜಾತಿ ಬೇರೆ ಅಂತ ಒಪ್ಪಲಿಲ್ಲ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ನೇಹಿತರು ಸಾಕ್ಷಿ ಹಾಕಿದರು, ಈಗ ಅಮ್ಮ ಫೋನು ಮಾಡುತ್ತಾರೆ ಅಪ್ಪ ಮಾಡುವುದಿಲ್ಲ, ಅಂತ ಇದ್ದಹಾಗೆ ಬರೆಯಿರಿ. ಎಲ್ಲರ ಮನೆ ದೋಸೆಯೂ ತೂತೇ. ಆ ತೂತು ಮುಚ್ಚಲು ಯಾರದೋ ಅಪ್ಪ ಅಮ್ಮನನ್ನು ನಿಲ್ಲಿಸಿ ಫೋಟೊ ತೆಗೆಸುವ ಬುದ್ಧಿವಂತಿಕೆ ಮಾತ್ರ ಬೇಡ, ದೇವರಾಣೆ ಬೇಡ.

ಈಗ ನಮ್ಮವರು ತೀರಾ ಹಗುರವಾಗಿ ತೆಗೆದುಕೊಳ್ಳುವ ವಿಷಯಕ್ಕೆ ಬರುತ್ತೇನೆ. ವೀಸಾಕ್ಕೆ ಬೇಗ ಆಗಲಿ ಅಂತ ಮೊದಲು ರಿಜಿಸ್ಟರ್ ಮಾಡಿಸಿ, ಆರು ತಿಂಗಳು ಬಿಟ್ಟು ಛತ್ರದಲ್ಲಿ ಮದುವೆ ಮಾಡುತ್ತೀರಿ. ಮನೆಯವರ ಲೆಕ್ಕದಲ್ಲಿ ಮದುವೆ ಅಂದರೆ ಧಾರೆ, ರಿಜಿಸ್ಟ್ರಿ ಬರೀ ಕಾಗದ. ಕಾನೂನಿನ ಲೆಕ್ಕದಲ್ಲಿ ರಿಜಿಸ್ಟ್ರಾರ್ ಮುಂದೆ ಮದುವೆಯಾಗಿ ಪ್ರಮಾಣಪತ್ರ ಕೈಗೆ ಬಂದ ದಿನವೇ ನೀವು ಗಂಡಹೆಂಡತಿ. ಫಾರಂನಲ್ಲಿ ಎರಡೂ ದಿನಾಂಕ ಬರೆದು, ಯಾವುದು ಏನು ಅಂತ ಬಿಡಿಸಿ ಹೇಳಿ. ಒಬ್ಬರು ರಿಜಿಸ್ಟ್ರಿ ದಿನ, ಇನ್ನೊಬ್ಬರು ಲಗ್ನಪತ್ರಿಕೆಯ ದಿನ ಬರೆದರೆ ಕೂತಲ್ಲೇ ಅನುಮಾನ ಹುಟ್ಟಿಸಿದಿರಿ.

ಇದಕ್ಕಿಂತ ಕೆಟ್ಟದ್ದೂ ಇದೆ. ಹುಡುಗ ಅವಿವಾಹಿತ ಅಂತ ಪಿಆರ್‌ಗೆ, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಗೆ, ಅರ್ಜಿ ಹಾಕಿರುತ್ತಾನೆ. ಅದು ಮಂಜೂರಾಗುವ ಹೊತ್ತಿಗೆ ಊರಲ್ಲಿ ರಿಜಿಸ್ಟ್ರಿ ಆಗಿಬಿಟ್ಟಿರುತ್ತದೆ. ಈಗ ಹೇಳಿದರೆ ತಡವಾಗುತ್ತದೆ, ಹೋಗಿ ಇಳಿದ ಮೇಲೆ ಹೇಳಿದರಾಯಿತು ಅಂದುಕೊಳ್ಳುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ! ಪಿಆರ್ ಆಗುವ ದಿನದವರೆಗೆ ಮದುವೆಯಾದರೆ ಅದನ್ನು ತಿಳಿಸಲೇಬೇಕು, ಹೆಂಡತಿ ಜೊತೆಗೆ ಬರದಿದ್ದರೂ ಅವಳ ವಿವರ ಕೊಟ್ಟು, ವೈದ್ಯಕೀಯ ಪರೀಕ್ಷೆ ಇತ್ಯಾದಿ ಮಾಡಿಸಬೇಕು. ಹಾಗೆ ತಿಳಿಸದ ಹೆಂಡತಿಯನ್ನು ಮುಂದೆ ಸ್ಪಾನ್ಸರ್ ಮಾಡಲು ಹೋದರೆ ಅದೇ ವಲಸೆ ನಿಯಮಾವಳಿಯ 117ನೇ ನಿಯಮ ಅಡ್ಡ ಬರುತ್ತದೆ. ಸುಳ್ಳು ಮಾಹಿತಿ ಅಂತ ತೀರ್ಮಾನವಾದರೆ ಐದು ವರ್ಷ ದೇಶಕ್ಕೆ ಪ್ರವೇಶವಿಲ್ಲ, ಹುಡುಗನ ಪಿಆರ್‌ಗೇ ಸಂಚಕಾರ ಬರಬಹುದು. ಈಗಾಗಲೇ ಹಾಗೆ ಮಾಡಿಕೊಂಡಿದ್ದರೆ ಇನ್ನೊಂದು ಸುಳ್ಳು ಪೋಣಿಸದೆ ವಕೀಲರ ಹತ್ತಿರ ಹೋಗಿ.

ಗಂಡು ಅಲ್ಲಿ ಸ್ಕ್ರೀನಿನ ಮುಂದೆ, ಹೆಣ್ಣು ಇಲ್ಲಿ ಮಂಟಪದಲ್ಲಿ, ಹೀಗೆ ಆನ್‌ಲೈನಿನಲ್ಲಿ ತಾಳಿ ಕಟ್ಟಿದ ಮದುವೆಯನ್ನು ವಲಸೆಯ ಲೆಕ್ಕಕ್ಕೆ ಕೆನಡಾ 2015ರಿಂದ ಒಪ್ಪುವುದಿಲ್ಲ. ಇಬ್ಬರೂ ಒಂದೇ ಕಡೆ ಖುದ್ದಾಗಿ ಇರಬೇಕು. ಸೈನ್ಯದವರಿಗೆ ಮಾತ್ರ ಸ್ವಲ್ಪ ವಿನಾಯಿತಿ.

ಹಿಂದೆ ಮದುವೆಯಾಗಿ ಬಿಟ್ಟವರು, ಅದು ಮೂರು ತಿಂಗಳ ಮದುವೆಯಾದರೂ ಬರೆಯಲೇಬೇಕು. ಪಂಚರು ಕೂತು ಬಿಡಿಸಿದ್ದು ಸಾಲದು, ಕೋರ್ಟಿನ ಡಿಕ್ರಿ ತೆಗೆದುಕೊಳ್ಳಿ. ಕೆನಡಾದಲ್ಲಿ ವಿಚ್ಛೇದನವಾಗಿದ್ದರೆ ತೀರ್ಪು ಬಂದ ದಿನವೇ ಅದು ಪೂರ್ತಿಯಾಗುವುದಿಲ್ಲ, ಸಾಮಾನ್ಯವಾಗಿ 31ನೇ ದಿನ ಜಾರಿಗೆ ಬರುತ್ತದೆ. ಆ ನಡುವೆ ಮುಹೂರ್ತ ಇಟ್ಟುಕೊಂಡವರ ಎರಡನೇ ಮದುವೆ ಕಾನೂನಿನಲ್ಲಿ ಮದುವೆಯೇ ಅಲ್ಲ. ಹಾಗೆಯೇ, ತಾನೇ ಸ್ಪಾನ್ಸರ್ ಆಗಿ ಬಂದು ಪಿಆರ್ ಪಡೆದವರು ಐದು ವರ್ಷ ಆಗುವವರೆಗೆ ಹೊಸ ಗಂಡನನ್ನೋ ಹೆಂಡತಿಯನ್ನೋ ಸ್ಪಾನ್ಸರ್ ಮಾಡುವಂತಿಲ್ಲ.

ಪುರಾವೆ ವಿಷಯದಲ್ಲಿ ಅತಿಯಾದರೆ ಅಮೃತವೂ ವಿಷ. ಫೋಟೊ 20 ಸಾಕು, ಮೆಸೇಜು ಪತ್ರ ಎಲ್ಲ ಸೇರಿ 10 ಪುಟ ಸಾಕು ಅಂತ ವಲಸೆ ಇಲಾಖೆಯ ದಾಖಲೆ ಪಟ್ಟಿಯಲ್ಲೇ ಇದೆ. ಮದುವೆ ಆಲ್ಬಮ್ಮಿನ ನಾನೂರು ಫೋಟೊ ತುರುಕಬೇಡಿ. ಇಪ್ಪತ್ತರಲ್ಲಿ ಹದಿನೆಂಟು ರೇಷ್ಮೆ ಸೀರೆಯವೇ ಆದರೆ ಏನು ಪ್ರಯೋಜನ? ನಿಶ್ಚಿತಾರ್ಥದ್ದು ಎರಡು, ಧಾರೆಯದ್ದು ನಾಲ್ಕಾರು, ಉಳಿದವು ಅತ್ತೆಮನೆಯ ಅಡುಗೆಮನೆ, ಗೌರಿಹಬ್ಬ, ಬಸ್‌ಸ್ಟ್ಯಾಂಡು, ಆಸ್ಪತ್ರೆ, ಎಲ್ಲೆಲ್ಲಿ ಜೊತೆಗಿದ್ದಿರೋ ಅಲ್ಲಿನವು ಇರಲಿ. ಪ್ರತಿಯೊಂದರ ಕೆಳಗೆ ದಿನಾಂಕ, ಜಾಗ, ಜೊತೆಯಲ್ಲಿ ಯಾರು ಅಂತ ಬರೆಯಿರಿ. ಮಲಗುವ ಕೋಣೆಯ ಫೋಟೊ ಯಾರೂ ಕೇಳಿಲ್ಲ, ಯಾರ ಮಾತು ಕೇಳಿಯೂ ಕಳಿಸಬೇಡಿ.

ವಾಟ್ಸಾಪ್ ಸಂಭಾಷಣೆಯನ್ನು ಒಂದೇ ವಾರದ್ದು ಕೊಡಬೇಡಿ, ತಿಂಗಳಿಗೊಂದರಂತೆ ಆರಿಸಿ. 'ಊಟ ಆಯ್ತಾ', 'ಗ್ಯಾಸ್ ಬುಕ್ ಮಾಡಿದ್ಯಾ', 'ಅಪ್ಪನ ಶುಗರ್ ಎಷ್ಟಿದೆ' ಇಂಥ ಮಾತೇ ಸಂಸಾರದ ಮಾತು, ಹೃದಯದ ಚಿತ್ರಗಳಿಗಿಂತ ಇದು ಮೇಲು. ಸಣ್ಣ ಜಗಳ ಇದ್ದರೂ ಇರಲಿ. ಕನ್ನಡದಲ್ಲಿ ಬರೆದದ್ದಕ್ಕೂ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡಕ್ಕೂ, ಲಗ್ನಪತ್ರಿಕೆಗೂ ಅನುವಾದ ಬೇಕು. ನಿಮ್ಮ ತಮ್ಮ ಇಂಗ್ಲಿಷ್ ಮೇಷ್ಟ್ರಾದರೂ ಅವನು ಮಾಡಿದ್ದು ನಡೆಯುವುದಿಲ್ಲ, ಮನೆಯವರು ಮಾಡಿದ ಅನುವಾದ ಒಪ್ಪುವುದಿಲ್ಲ. ಹೊರಗಿನ ಅನುವಾದಕರಿಂದ ಮಾಡಿಸಿ, ಅವರ ಪ್ರಮಾಣಪತ್ರ ಅಥವಾ ಅಫಿಡವಿಟ್ ಜೊತೆಗಿಡಿ. ಲಗ್ನಪತ್ರಿಕೆಯಲ್ಲಿ 'ಚಿ|| ಸೌ|| ಪುಟ್ಟಿ' ಅಂತ ಮನೆಯ ಹೆಸರು ಹಾಕಿಸಿದ್ದರೆ, ಅದು ಪಾಸ್‌ಪೋರ್ಟಿನ ಹೆಸರಿನವಳೇ ಅಂತ ಒಂದು ಟಿಪ್ಪಣಿ ಸೇರಿಸಿ.

ನೆನಪಿಲ್ಲದ ದಿನಾಂಕವನ್ನು ಊಹಿಸಿ ನಿಖರವಾಗಿ ಬರೆಯಬೇಡಿ. 'ಸುಮಾರು ಮಾರ್ಚ್ ಮೊದಲ ವಾರ' ಅಂದರೆ ತಪ್ಪಲ್ಲ. ರೈಲು ಟಿಕೆಟ್, ಪಾಸ್‌ಪೋರ್ಟಿನ ಮುದ್ರೆ, ಫೋನಿನಲ್ಲಿರುವ ಫೋಟೊಗಳ ದಿನಾಂಕ ನೋಡಿದರೆ ಬಹಳಷ್ಟು ಸಿಗುತ್ತದೆ. ಇಬ್ಬರೂ ಬೇರೆಬೇರೆಯಾಗಿ ಬರೆದು, ಆಮೇಲೆ ಎದುರುಬದುರು ಕೂತು ಓದಿ. ಹೊಂದದ ಕಡೆ ಯಾರ ನೆನಪು ಸರಿ ಅಂತ ನೋಡಿ ತಿದ್ದಿಕೊಳ್ಳಿ. ಆದರೆ ಪದಕ್ಕೆ ಪದ ಒಂದೇ ಮಾಡಬೇಡಿ, ಪರೀಕ್ಷೆಯಲ್ಲಿ ಪಕ್ಕದವರದ್ದು ನೋಡಿ ಬರೆದ ಹಾಗಿರುತ್ತದೆ. ಹಿಂದೆ ವಿಸಿಟರ್ ವೀಸಾ ತಿರಸ್ಕಾರವಾಗಿದ್ದರೆ ಅದನ್ನೂ ಹೇಳಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ, ಹಳೆಯ ಅರ್ಜಿಗಳೆಲ್ಲ ಅವರ ಕಂಪ್ಯೂಟರಿನಲ್ಲೇ ಇವೆ.

ಏಜೆಂಟರ ಮಾತು. ಹಣ ತೆಗೆದುಕೊಂಡು ಕೆನಡಾದ ಅರ್ಜಿಗೆ ಸಲಹೆ ಕೊಡಬಹುದಾದವರು ಅಲ್ಲಿನ ವಕೀಲರ ಸಂಘದವರು, ಕ್ಯುಬೆಕ್‌ನ ನೋಟರಿಗಳು, ಮತ್ತು ವಲಸೆ ಸಲಹೆಗಾರರ 'ಕಾಲೇಜು' ಅನ್ನುವ ನಿಯಂತ್ರಣ ಸಂಸ್ಥೆಯ ಪರವಾನಗಿ ಇರುವವರು. ಆ ಪರವಾನಗಿ ಪಟ್ಟಿ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗುತ್ತದೆ, ಹೆಸರು ಹುಡುಕಿ ನೋಡಿ. 'ನಾನು ಬರೆದುಕೊಡುತ್ತೇನೆ, ನನ್ನ ಹೆಸರು ಎಲ್ಲೂ ಹಾಕಬೇಡಿ' ಅನ್ನುವವರನ್ನು ಬಾಗಿಲಲ್ಲೇ ಕಳಿಸಿ. ಅಂಥವರು ಹತ್ತು ಮನೆಯ ಮದುವೆಗೆ ಒಂದೇ ಕಥೆ ಬರೆಯುತ್ತಾರೆ. ಸುಳ್ಳು ಬಿದ್ದಾಗ ಸಹಿ ನಿಮ್ಮದು, ಅವರದ್ದಲ್ಲ.

ಸ್ಪಾನ್ಸರ್ ಮಾಡುವವರು ಸಹಿ ಹಾಕುವ ಮುಂಚೆ ಇದನ್ನು ತಿಳಿದಿರಿ: ಸಂಗಾತಿಗೆ ಪಿಆರ್ ಬಂದ ದಿನದಿಂದ ಮೂರು ವರ್ಷ ಅವರ ಮೂಲಭೂತ ಖರ್ಚಿನ ಹೊಣೆ ನಿಮ್ಮದು (ಕ್ಯುಬೆಕ್‌ನದ್ದು ಬೇರೆ ಕಾಗದಪತ್ರ). ನಡುವೆ ಮದುವೆ ಮುರಿದರೂ ಹೊಣೆ ಮುರಿಯುವುದಿಲ್ಲ. ಹೋಗುವ ಹೆಣ್ಣುಮಕ್ಕಳಿಗೂ ಒಂದು ಮಾತು: 2012ರಿಂದ ಕೆಲವರಿಗೆ ಎರಡು ವರ್ಷ ಒಟ್ಟಿಗೆ ಬಾಳಿದರೆ ಮಾತ್ರ ಪಿಆರ್ ಉಳಿಯುತ್ತದೆ ಅನ್ನುವ ಷರತ್ತಿತ್ತು, 2017ರಲ್ಲಿ ಅದನ್ನು ತೆಗೆದುಹಾಕಿದರು. ಪಿಆರ್ ಸಿಕ್ಕ ಮೇಲೂ 'ನಾನು ವಾಪಸ್ ಕಳಿಸಿಬಿಡುತ್ತೇನೆ' ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ. ನಿಮ್ಮ ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ, ಅಂಕಪಟ್ಟಿ ನಿಮ್ಮ ಪೆಟ್ಟಿಗೆಯಲ್ಲೇ ಇರಲಿ.

ಸಂದರ್ಶನಕ್ಕೆ ಎಲ್ಲರನ್ನೂ ಕರೆಯುವುದಿಲ್ಲ. ಕರೆದರೆ ಬಾಯಿಪಾಠ ಮಾಡಿಕೊಂಡು ಹೋಗಬೇಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಮರೆತದ್ದಕ್ಕೆ ಮರೆತೆ ಅನ್ನಿ. ಗಂಡನ ಪಾಳಿ ಯಾವುದು, ಮನೆಯಲ್ಲಿ ಜೊತೆಗೆ ಯಾರಿದ್ದಾರೆ, ಅವನಿಗೆ ಏನು ಕಾಯಿಲೆ ಇದೆ, ಇಂಥವು ಮಾತ್ರ ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಇವತ್ತು ಸಂಜೆಯೇ ಫೋನಿನಲ್ಲಿ ಕೇಳಿ. ಭಾಷೆ ತೊಡಕಾದರೆ ಕನ್ನಡ ದುಭಾಷಿ ಬೇಕು ಅಂತ ಮೊದಲೇ ತಿಳಿಸಿ.

ಕಳಿಸಿದ ಅರ್ಜಿಯ ಪೂರ್ತಿ ಪ್ರತಿ ಇಬ್ಬರ ಹತ್ತಿರವೂ ಇರಲಿ. ಆಮೇಲೆ ಕೆಲಸ ಬದಲಾದರೆ, ಮನೆ ಬದಲಾದರೆ, ಮಗು ಆಗುವ ಹಾಗಿದ್ದರೆ ತಿಳಿಸಿ. ಇಮೇಲಿನ ಜಂಕ್ ಪೆಟ್ಟಿಗೆಯನ್ನೂ ವಾರಕ್ಕೊಮ್ಮೆ ತೆರೆದು ನೋಡಿ, ಹೆಚ್ಚಿನ ದಾಖಲೆ ಕೇಳಿದ ಪತ್ರ ಅಲ್ಲಿ ಬಿದ್ದಿರುತ್ತದೆ, ಗಡುವು ಮುಗಿದಿರುತ್ತದೆ. ಹೊರದೇಶದಿಂದ ಹಾಕಿದ ಅರ್ಜಿ ತಿರಸ್ಕಾರವಾದರೆ ಸ್ಪಾನ್ಸರ್ ಮಾಡಿದವರು ಸಾಮಾನ್ಯವಾಗಿ 30 ದಿನದೊಳಗೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಮಾಹಿತಿ ಹಕ್ಕಿನಡಿ 5 ಡಾಲರ್ ಕಟ್ಟಿದರೆ ಅಧಿಕಾರಿ ಬರೆದಿಟ್ಟ ಟಿಪ್ಪಣಿಯೂ ಸಿಗುತ್ತದೆ, ಆದರೆ ಅದು ಬರಲು ಸಮಯ ಹಿಡಿಯುತ್ತದೆ. ಅದಕ್ಕೆ ಕಾಯುತ್ತಾ ಮೂವತ್ತು ದಿನ ಕಳೆದುಕೊಳ್ಳಬೇಡಿ, ಮೇಲ್ಮನವಿ ಮೊದಲು ಹಾಕಿ, ಟಿಪ್ಪಣಿ ಬಂದಾಗ ಓದಿ.